ಛಾಯೆ, ಬಿಸಿಲು, ಬೆರಳು: ಮೂರು ಸುಳಿವಿನ ಪದದಾಟ

ಮೂರು ಸುಳಿವು ಕೊಡುತ್ತೇನೆ, ಒಂದು ಪದ ಹೇಳಿ. ಅದೇ ಅರ್ಥದ್ದು: ಛಾಯೆ. ವಿರುದ್ಧ ಅರ್ಥದ್ದು: ಬಿಸಿಲು. ಹತ್ತಿರದ ಸದ್ದಿನದ್ದು: ಬೆರಳು.

ನೆರಳು. ಇಷ್ಟು ಹೊತ್ತಿಗೆ ಹೊಳೆದಿರುತ್ತದೆ. ಈಗ ಸುಳಿವುಗಳನ್ನು ಬಿಡಿಬಿಡಿಯಾಗಿ ನೋಡಿ. ಬರೀ ‘ಬಿಸಿಲು’ ಅಂದಿದ್ದರೆ ಒಬ್ಬರು ಮಳೆ ಅನ್ನುತ್ತಿದ್ದರು, ಇನ್ನೊಬ್ಬರು ಚಳಿ ಅನ್ನುತ್ತಿದ್ದರು, ಸ್ವಲ್ಪ ಕವಿಹೃದಯದವರು ಬೆಳದಿಂಗಳು ಅನ್ನುತ್ತಿದ್ದರು. ಬರೀ ‘ಬೆರಳು’ ಅಂದಿದ್ದರೆ ಕೊರಳು, ಮರಳು, ಕರುಳು ಎಲ್ಲವೂ ಸಾಲಾಗಿ ಬರುತ್ತಿದ್ದವು. ‘ಛಾಯೆ’ಯೂ ಅಷ್ಟೇ, ಬಣ್ಣದ ಕಡೆ ಹೊರಳಬಹುದು, ಹೋಲಿಕೆಯ ಕಡೆ ಹೊರಳಬಹುದು. ಮೂರೂ ಒಟ್ಟಿಗೆ ಬಂದಾಗ ಮಾತ್ರ ತಪ್ಪಿಸಿಕೊಳ್ಳೋಕೆ ಜಾಗ ಇರುವುದಿಲ್ಲ.

ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಜನ ಸೇರಿದಾಗ ಆಡುವ ಪದದಾಟಗಳಲ್ಲಿ ನನಗೆ ಇದೇ ಇಷ್ಟ. ಪೆಟ್ಟಿಗೆ ತರಬೇಕಿಲ್ಲ, ಬೋರ್ಡು ಬೇಡ. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿ, ಒಂದೊಂದರಲ್ಲಿ ಒಂದೊಂದು ಪದ ಬರೆದು, ಮಡಿಸಿ ಡಬ್ಬಿಗೆ ಹಾಕಿದರೆ ಆಯಿತು. ಎರಡು ತಂಡ. ಒಬ್ಬರು ಚೀಟಿ ಎತ್ತಿ ತಮ್ಮ ತಂಡಕ್ಕೆ ಸುಳಿವು ಕೊಡುತ್ತಾರೆ. ಮೂರು ಬಗೆಯಲ್ಲಿ ಒಂದೊಂದೇ ಸುಳಿವು, ಪ್ರತಿಯೊಂದೂ ಒಂದೇ ಪದ. ಯಾವುದು ಮೊದಲು ಅನ್ನುವುದು ಅವರಿಷ್ಟ. ಆದರೆ ‘ಸಮ’, ‘ವಿರುದ್ಧ’, ‘ಸದ್ದು’ ಅಂತ ಬಗೆಯನ್ನು ಮೊದಲೇ ಹೇಳಬೇಕು. ಮೊದಲ ಸುಳಿವಿಗೇ ಉತ್ತರ ಬಂದರೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಒಂದು ನಿಮಿಷದ ಟೈಮರ್. ಕೈಸನ್ನೆ ಇಲ್ಲ, ಹುಬ್ಬು ಹಾರಿಸುವುದೂ ಇಲ್ಲ.

ಆಟದ ಗುಟ್ಟು ಇಷ್ಟೇ: ಹೆಚ್ಚಿನ ಪದಗಳ ಅರ್ಥಕ್ಕೂ ಸದ್ದಿಗೂ ಏನೇನೂ ಸಂಬಂಧವಿಲ್ಲ. ನೆರಳಿಗೂ ಬೆರಳಿಗೂ ಯಾವ ನಂಟು? ಹಾಗಾಗಿ ಅರ್ಥದ ಕಡೆಯಿಂದ ಹತ್ತು ಪದ, ಸದ್ದಿನ ಕಡೆಯಿಂದ ಹತ್ತು ಪದ ತಲೆಗೆ ಬಂದರೂ ಎರಡೂ ಕಡೆ ಇರುವ ಪದ ಸಾಮಾನ್ಯವಾಗಿ ಒಂದೇ. ಪಳಗಿದವರು ಮೊದಲು ‘ವಿರುದ್ಧ’ದಿಂದ ಶುರು ಮಾಡುತ್ತಾರೆ. ಅದಕ್ಕೆ ಕಾರಣವಿದೆ. ಒಂದು ಪದ ಹೇಳಿ, ತಕ್ಷಣ ಏನು ನೆನಪಾಗುತ್ತದೆ ಅಂತ ಕೇಳಿ ನೋಡಿ. ಸಿಹಿ, ದಪ್ಪ, ಎತ್ತರ ಥರದ ಪದಗಳಾದರೆ ಹೆಚ್ಚಿನವರ ಬಾಯಿಗೆ ಬರುವುದು ಕಹಿ, ತೆಳು, ಕುಳ್ಳ. ಸಮಾನಾರ್ಥಕ ಪದವಲ್ಲ, ಅದರ ಎದುರಿನದ್ದು. ಸದ್ದನ್ನು ಮೊದಲೇ ಕೊಟ್ಟರೆ ಸುಮ್ನೆ ಒಂದು ಸುಳಿವು ಹಾಳು. ಅದನ್ನು ಕೊನೆಗೆ ಇಟ್ಟುಕೊಂಡರೆ ಬೀಗ ಹಾಕಿದ ಹಾಗೆ.

ಇಷ್ಟು ಗೊತ್ತಾದರೆ ಆಡಬಹುದು. ಆದರೆ ಎರಡನೇ ಸುತ್ತಿಗೇ ಜಗಳ ಶುರುವಾಗುತ್ತದೆ. ‘ಅದು ಹೇಗೆ ಸಮಾನಾರ್ಥಕ? ಅದು ಹೇಗೆ ವಿರುದ್ಧ?’ ಈ ಜಗಳಗಳು ಸುಮ್ಮನೆ ಹುಟ್ಟಿದ್ದಲ್ಲ. ಮೂರು ಸುಳಿವಿನಲ್ಲೂ ಒಂದೊಂದು ತೊಡಕಿದೆ.

ಸಮಾನಾರ್ಥಕದ್ದು ಶಾಲೆಯಲ್ಲಿ ಕಲಿತದ್ದು: ನೀರು, ಜಲ, ಉದಕ, ತೀರ್ಥ. ಪರೀಕ್ಷೆಯಲ್ಲಿ ಯಾವುದು ಬರೆದರೂ ಅಂಕ. ಈಗ ಹೋಟೆಲಿನಲ್ಲಿ ಕೂತು ‘ಒಂದು ಲೋಟ ಜಲ ಕೊಡಿ’ ಅನ್ನಿ, ತಂದುಕೊಡುವವರು ನಿಮ್ಮ ಮುಖ ನೋಡುತ್ತಾರೆ. ಜಲ ಇರುವುದು ಜಲಾಶಯದಲ್ಲಿ, ಜಲಮಂಡಳಿಯಲ್ಲಿ, ಅಂತರ್ಜಲದಲ್ಲಿ. ತೀರ್ಥ ಅಂಗೈ ಗುಳಿ ತುಂಬುವಷ್ಟೇ, ಲೋಟದಲ್ಲಿ ಕುಡಿಯುವಂಥದ್ದಲ್ಲ. ಉದಕವಂತೂ ಪುರೋಹಿತರ ಬಾಯಲ್ಲಿ ಬಿಟ್ಟರೆ ಎಲ್ಲೂ ಕೇಳುವುದಿಲ್ಲ. ವಸ್ತು ಒಂದೇ, ಆದರೆ ಒಂದೊಂದು ಪದಕ್ಕೂ ಅದರದ್ದೇ ಜಾಗ. ಒಂದನ್ನು ತೆಗೆದು ಇನ್ನೊಂದನ್ನು ಅದೇ ವಾಕ್ಯದಲ್ಲಿ ಕೂರಿಸಿ ನೋಡುವುದೇ ಇದಕ್ಕೆ ಪರೀಕ್ಷೆ. ಎಲ್ಲ ವಾಕ್ಯಗಳಲ್ಲೂ ಪಾಸಾಗುವ ಜೋಡಿ ಸಿಗುವುದು ಬಲು ಅಪರೂಪ.

ಸಾವಿನ ಪದಗಳನ್ನೇ ತಗೊಳ್ಳಿ. ನಿಘಂಟಿನ ಪ್ರಕಾರ ಎಲ್ಲದರ ಅರ್ಥ ಒಂದೇ. ಪತ್ರಿಕೆಯಲ್ಲಿ ನಿಧನರಾಗುತ್ತಾರೆ, ಮನೆಯಲ್ಲಿ ತೀರಿಕೊಳ್ಳುತ್ತಾರೆ, ಫೋನಿನಲ್ಲಿ ಅಳುತ್ತಾ ಹೇಳುವಾಗ ‘ಹೋಗಿಬಿಟ್ರು’. ಲಿಂಗಾಯತ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಮಾಧ್ವ ಯತಿಗಳು ಬೃಂದಾವನಸ್ಥರಾಗುತ್ತಾರೆ, ಗಡಿಯಲ್ಲಿ ಯೋಧ ಹುತಾತ್ಮನಾಗುತ್ತಾನೆ. ಸೊಳ್ಳೆ ಮಾತ್ರ ಸಾಯುತ್ತದೆ. ಬ್ಯಾಟರಿ ಕೂಡ. ಸತ್ತವರು ಯಾರು, ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಅನ್ನುವುದೆಲ್ಲ ಪದದೊಳಗೇ ಬಂದು ಕೂತಿರುತ್ತದೆ. ಆಟದಲ್ಲಿ ಇಷ್ಟೆಲ್ಲ ಕಟ್ಟುನಿಟ್ಟು ಬೇಡ, ನಿಘಂಟಿನ ಸಮಾನತೆ ಸಾಕು. ಆದರೆ ಚುರುಕಾದ ಆಟಗಾರರು ಈ ವ್ಯತ್ಯಾಸವನ್ನೇ ಬಳಸಿಕೊಳ್ಳುತ್ತಾರೆ. ‘ಊಟ’ಕ್ಕೆ ‘ಭೋಜನ’ ಅಂದರೆ ಊಟ ಅಂತಲೇ ಉತ್ತರ ಬರುತ್ತದೆ. ‘ಪ್ರಸಾದ’ ಅಂದರೆ ತಂಡದ ಯೋಚನೆ ದೇವಸ್ಥಾನದಿಂದ ಆಚೆ ಬರುವುದೇ ಇಲ್ಲ.

ಹಾಗಾದರೆ ಈ ಪಟ್ಟಿಗಳನ್ನೆಲ್ಲ ಮಾಡಿದ್ದು ಯಾಕೆ? ಅಮರಸಿಂಹನ ಹಳೆಯ ಸಂಸ್ಕೃತ ನಿಘಂಟು ಅಮರಕೋಶದಲ್ಲಿ ಮೂರು ಕಾಂಡಗಳಿವೆ. ಬಹುಪಾಲು ಇರುವುದು ಸಮಾನಾರ್ಥಕ ಪದಗಳ ಸಾಲು, ಎಲ್ಲ ಶ್ಲೋಕದಲ್ಲೇ. ಪದ್ಯ ಕಟ್ಟುವವರಿಗೆ ಅದು ಕೈಪಿಡಿ. ಛಂದಸ್ಸಿನಲ್ಲಿ ಎರಡು ಲಘು ಬೇಕಾದ ಕಡೆ ‘ಜಲ’ ಕೂರುತ್ತದೆ, ಮೊದಲಲ್ಲೇ ಗುರು ಬೇಕಾದ ಕಡೆ ‘ನೀರು’ ಕೂರುತ್ತದೆ. ಅಲ್ಲಿ ಅರ್ಥದ ಜೊತೆ ಮಾತ್ರೆಯ ಲೆಕ್ಕವೂ ಮುಖ್ಯ. ಮಾತಿಗೆ ಬಂದಾಗ ಆ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಬಗೆಯ ಸಮಾನಾರ್ಥಕ ಕನ್ನಡದಲ್ಲಿ ಯಥೇಚ್ಛವಾಗಿದೆ. ಶಾಲೆಯ ಪಟ್ಟಿಯಲ್ಲಿ ಅದು ಇರುವುದಿಲ್ಲ. ಬೆಂಗಳೂರಿನ ಕಡಲೆಕಾಯಿ, ಹುಬ್ಬಳ್ಳಿಯ ಶೇಂಗಾ, ಕರಾವಳಿಯ ನೆಲಗಡಲೆ. ಈ ಕಡೆ ಪೊರಕೆ, ಆ ಕಡೆ ಕಸಬರಿಗೆ, ಘಟ್ಟದ ಕೆಳಗೆ ಹಿಡಿಸೂಡಿ. ಇವು ನಿಜವಾದ ಸಮಾನಾರ್ಥಕಗಳು. ವಸ್ತು ಒಂದೇ, ಗೌರವ ಒಂದೇ, ಬದಲಾಗುವುದು ಊರು ಮಾತ್ರ. ಬೀಗರು ಉತ್ತರ ಕರ್ನಾಟಕದವರಾಗಿದ್ದರೆ ಈ ಆಟ ಎರಡು ಪಟ್ಟು ಮಜಾ. ಆದರೆ ‘ಮಾಣಿ’ ಅಂತ ಚೀಟಿ ಬಂದರೆ ಹುಷಾರು. ಕುಂದಾಪುರದವರಿಗೆ ಅದು ಮನೆಯ ಹುಡುಗ, ಬೆಂಗಳೂರಿನವರಿಗೆ ಹೋಟೆಲಿನಲ್ಲಿ ದೋಸೆ ತಂದುಕೊಡುವವನು.

ವಿರುದ್ಧ ಪದಕ್ಕೆ ಬರೋಣ. ವಿರುದ್ಧ ಅಂದರೆ ಪೂರ್ತಿ ಬೇರೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ನಿಜಕ್ಕೂ ಅದು ತಿರುಗುಮುರುಗು. ಪೂರ್ತಿ ಬೇರೆ ಇರುವ ಪದಗಳು, ಉದಾಹರಣೆಗೆ ಬಿಸಿ ಮತ್ತು ಬಾಳೆಹಣ್ಣು, ವಿರುದ್ಧ ಆಗುವುದೇ ಇಲ್ಲ. ಬಿಸಿ–ತಣ್ಣಗೆ ವಿರುದ್ಧ, ಯಾಕೆಂದರೆ ಎರಡೂ ಶಾಖದ ಮಾತು. ಎಲ್ಲದರಲ್ಲೂ ಒಂದೇ ಥರ ಇದ್ದು, ಒಂದೇ ಒಂದು ವಿಷಯದಲ್ಲಿ ಎದುರುಬದುರಾಗಿ ನಿಂತರೆ ಮಾತ್ರ ವಿರುದ್ಧ ಪದ.

ಇದು ಸ್ಪಷ್ಟವಾಗಬೇಕಾದರೆ ‘ಅಣ್ಣ’ ಅನ್ನುವ ಚೀಟಿ ಹಾಕಿ. ವಿರುದ್ಧ ಏನು? ಅರ್ಧ ಜನ ತಮ್ಮ ಅನ್ನುತ್ತಾರೆ, ಅರ್ಧ ಜನ ಅಕ್ಕ ಅನ್ನುತ್ತಾರೆ. ಇಬ್ಬರೂ ಸರಿ. ಅಣ್ಣ ಅನ್ನುವುದರಲ್ಲಿ ಎರಡು ಸಂಗತಿ ಇದೆ: ಗಂಡು, ನನಗಿಂತ ದೊಡ್ಡವನು. ವಯಸ್ಸನ್ನು ತಿರುಗಿಸಿದರೆ ತಮ್ಮ, ಗಂಡನ್ನು ಹೆಣ್ಣು ಮಾಡಿದರೆ ಅಕ್ಕ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ತಂಗಿ. ಆದರೆ ಅಣ್ಣನ ವಿರುದ್ಧ ತಂಗಿ ಅಂತ ಯಾರಿಗೂ ಅನ್ನಿಸುವುದಿಲ್ಲ. ಒಂದೇ ಹೆಜ್ಜೆ ದೂರ ಇದ್ದರೆ ವಿರುದ್ಧ, ಎರಡು ಹೆಜ್ಜೆ ಹೋದರೆ ಬರೀ ಬೇರೆ.

ವಿರುದ್ಧಗಳೆಲ್ಲ ಒಂದೇ ಜಾತಿಯವಲ್ಲ. ಬಿಸಿ–ತಣ್ಣಗೆ ನಡುವೆ ಬೆಚ್ಚಗೆ, ಉಗುರುಬೆಚ್ಚಗೆ ಅಂತ ಮೆಟ್ಟಿಲುಗಳಿವೆ. ಸರಿಸಂಖ್ಯೆ–ಬೆಸಸಂಖ್ಯೆ ನಡುವೆ ಏನೂ ಇಲ್ಲ, ಇದಲ್ಲದಿದ್ದರೆ ಅದು. ಮಾರು–ಕೊಳ್ಳು ಒಂದೇ ವ್ಯವಹಾರದ ಎರಡು ತುದಿ, ಗುರು–ಶಿಷ್ಯ ಥರ. ಅತ್ತೆ–ಸೊಸೆ ಈ ಗುಂಪಿಗೆ ಸೇರುತ್ತದೆ. ಕೆಲವು ಮನೆಗಳಲ್ಲಿ ಬೇರೆ ಗುಂಪಿಗೂ ಸೇರಬಹುದು, ಅದು ನಿಮಗೆ ಬಿಟ್ಟಿದ್ದು. ಕಟ್ಟು–ಬಿಚ್ಚು ಇನ್ನೊಂದು ಥರ, ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ. ಬೇವು–ಬೆಲ್ಲ ಮಾತ್ರ ಯುಗಾದಿಯಿಂದಲೇ ವಿರುದ್ಧವಾದದ್ದು. ಕನ್ನಡ ಗೊತ್ತಿಲ್ಲದವರಿಗೆ ಅದು ಒಂದು ಮರ ಮತ್ತು ಒಂದು ತಿಂಡಿ ಪದಾರ್ಥ, ಅಷ್ಟೇ. ಆಟದಲ್ಲಿ ಇದನ್ನು ಒಪ್ಪಬೇಕು ಅಂತ ನನ್ನ ವಾದ.

ಅರ್ಥ ಬದಲಾದರೆ ವಿರುದ್ಧವೂ ಬದಲಾಗುತ್ತದೆ. ‘ಹಸಿ’ ಅಂದರೆ ಏನು? ಹಸಿ ಮೆಣಸಿನಕಾಯಿಯ ಎದುರು ಒಣ ಮೆಣಸಿನಕಾಯಿ. ಹಸಿ ತರಕಾರಿಯ ಎದುರು ಬೆಂದ ತರಕಾರಿ. ಹಸಿ ಗಾಯದ ಎದುರು ಮಾಗಿದ ಗಾಯ. ಹಸಿ ಸುಳ್ಳಿನ ಎದುರು? ಬೆಂದ ಸುಳ್ಳು ಅಂತ ಇಲ್ಲ, ಒಣ ಸುಳ್ಳು ಅಂತಲೂ ಇಲ್ಲ.

ಈ ಸುತ್ತಿಗೆ ಒಂದು ನಿಯಮ ಕಡ್ಡಾಯ: ಅ, ಅನ್, ನಿರ್, ದುರ್ ಅಂಟಿಸಿ ವಿರುದ್ಧ ಮಾಡುವಂತಿಲ್ಲ. ನ್ಯಾಯಕ್ಕೆ ಅನ್ಯಾಯ ಅಂದರೆ ಅದರಲ್ಲಿ ಉತ್ತರವೇ ಇದೆಯಲ್ಲ. ಇಲ್ಲ, ಅಲ್ಲ ಸೇರಿಸುವುದೂ ಇಲ್ಲ. ಜೊತೆಗೆ ಈ ಅಂಟಿಸುವ ವಿದ್ಯೆ ಕೈಕೊಡುವುದೂ ಉಂಟು. ಮೂಲ್ಯಕ್ಕೆ ಅಮೂಲ್ಯ ವಿರುದ್ಧವಲ್ಲ, ಬೆಲೆ ಕಟ್ಟಲಾಗದಷ್ಟು ಮೂಲ್ಯ ಅಂತ. ‘ಉಚಿತ’ ಅಂದರೆ ಬಿಟ್ಟಿ ಅನ್ನುವ ಅರ್ಥವೂ ಇದೆ, ಆದರೆ ‘ಅನುಚಿತ’ ಅಂದರೆ ದುಡ್ಡು ಕೊಟ್ಟು ಪಡೆದದ್ದು ಅಂತ ಅಲ್ಲ. ಅದು ಸರಿಯಲ್ಲದ್ದು.

ನನಗೆ ಹೆಚ್ಚು ಖುಷಿ ಕೊಡುವುದು ಮೂರನೇ ಸುಳಿವು, ಸದ್ದು. ಇಂಗ್ಲಿಷಿನಲ್ಲಿ ಈ ಆಟ ಆಡುವವರಿಗೆ ಇದು ಸಲೀಸು. ಅಲ್ಲಿ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಬರೆಯುವಾಗ ಬೇರೆ, ಕೇಳುವಾಗ ಒಂದೇ ಅನ್ನುವ ಜೋಡಿಗಳು ರಾಶಿ ರಾಶಿ. ಕನ್ನಡದಲ್ಲಿ ಹೆಚ್ಚುಕಮ್ಮಿ ಹೇಳಿದ ಹಾಗೆ ಬರೆಯುತ್ತೇವೆ. ಹಾಗಾಗಿ ಸದ್ದು ಒಂದೇ ಆದರೆ ಬರಹವೂ ಒಂದೇ. ನಮಗೆ ಸಿಗುವುದು ಎರಡು ಥರದ ಪದಗಳು. ಒಂದು, ಒಂದೇ ಅಕ್ಷರದಷ್ಟು ಬೇರೆಯಾದವು. ಇನ್ನೊಂದು, ನೋಡೋಕೂ ಕೇಳೋಕೂ ಒಂದೇ ಆಗಿದ್ದು ಅರ್ಥ ಮಾತ್ರ ಎರಡೋ ಮೂರೋ ಇರುವವು.

ಮೊದಲ ಥರದವು ಕನ್ನಡದಲ್ಲಿ ಎಷ್ಟು ಬೇಕೋ ಅಷ್ಟಿವೆ. ಲ–ಳ ಒಂದೇ ಸಾಕು: ಹಾಲು–ಹಾಳು, ಹುಲಿ–ಹುಳಿ, ಬಲೆ–ಬಳೆ, ಬೆಲೆ–ಬೆಳೆ. ಬೆಳೆಗೆ ಬೆಲೆ ಇಲ್ಲ ಅನ್ನುವ ತಲೆಬರಹ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ನ–ಣ ತಗೊಂಡರೆ ಮನೆ–ಮಣೆ, ಚಿನ್ನ–ಚಿಣ್ಣ. ಒಂದು ಒತ್ತು ಸೇರಿದರೆ ಕತೆ ಕತ್ತೆಯಾಗುತ್ತದೆ, ಅಡಿ ಅಡ್ಡಿಯಾಗುತ್ತದೆ. ಒಂದು ದೀರ್ಘ ಎಳೆದರೆ ಬಳೆ ಬಾಳೆಯಾಗುತ್ತದೆ. ಆಟದ ನಿಯಮವನ್ನು ಇದರ ಮೇಲೇ ಕಟ್ಟಬಹುದು: ಸದ್ದಿನ ಸುಳಿವು ಉತ್ತರಕ್ಕಿಂತ ಒಂದೇ ಕಡೆ ಬೇರೆ ಇರಬೇಕು. ಇಲ್ಲದಿದ್ದರೆ ಕೊನೆಯಲ್ಲಿ ‘ಉ’ ಬಂದರೆ ಸಾಕು, ಎಲ್ಲವೂ ಪ್ರಾಸ ಅನ್ನುವವರು ಇರುತ್ತಾರೆ. ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರದಲ್ಲಿ ಹೊಂದಿಸುತ್ತಿದ್ದರು. ಅವರೇನಾದರೂ ಬಂದರೆ ನಮ್ಮ ತಂಡವನ್ನೆಲ್ಲ ಔಟ್ ಮಾಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಮಾತಿನಲ್ಲಿ ಹಕಾರ ಬಿಡುವವರು ನಮ್ಮಲ್ಲಿ ಬಹಳ ಜನ. ಅವರ ಬಾಯಲ್ಲಿ ಹಕ್ಕಿಯೂ ಅಕ್ಕಿ, ಹುಳಿಯೂ ಉಳಿ. ಮಹಾಪ್ರಾಣವನ್ನು ಹೇಳುವವರಂತೂ ಇನ್ನೂ ಕಮ್ಮಿ, ಆದ್ದರಿಂದ ಬಾರಿ–ಭಾರಿ ಕಿವಿಗೆ ಒಂದೇ. ಇದನ್ನು ತಮಾಷೆ ಮಾಡಬೇಡಿ, ಆಟದ ಮಜಾ ಹೋಗುತ್ತದೆ. ಅವರವರ ಬಾಯಿಗೆ ಬಂದಂತೆ ಒಂದೇ ಸದ್ದು ಅಂತ ಒಪ್ಪಿಕೊಂಡುಬಿಡಿ. ಚೀಟಿಯಲ್ಲಿ ಏನಿದೆಯೋ ಅದೇ ಉತ್ತರ.

ಎರಡನೇ ಥರದ ಪದಗಳಲ್ಲೊಂದು ಇತಿಹಾಸ ಅಡಗಿದೆ. ‘ಕೆರೆ’ ನೋಡಿ. ನೀರು ತುಂಬಿದ ಕೆರೆಗೂ, ತುರಿಸಿದಾಗ ಕೆರೆಯುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ಹಳಗನ್ನಡದಲ್ಲಿ ಅವು ಎರಡು ಬೇರೆ ಪದಗಳೇ. ನೀರಿನದ್ದು ‘ಕೆಱೆ’, ತುರಿಕೆಯದ್ದು ‘ಕೆರೆ’. ಆ ಮೊದಲಿನದರಲ್ಲಿ ಇರುವುದು ಈಗ ನಾವು ಬಳಸದ ಱ ಅಕ್ಷರ. ಹಾಗೇ ತಿಳಿದುಕೊಳ್ಳುವುದು ‘ಅಱಿ’, ಕತ್ತರಿಸುವುದು ‘ಅರಿ’. ಱ ಹೋಗಿ ರ ಆದ ದಿನದಿಂದ ಎರಡೂ ‘ಅರಿ’. ಅದರ ಮೇಲೆ ಸಂಸ್ಕೃತದ ‘ಅರಿ’, ಅಂದರೆ ಶತ್ರು, ಮೂರನೆಯವನಾಗಿ ಬಂದು ಕೂತ.

ಇನ್ನೊಂದು ಕಳೆದುಹೋದ ಅಕ್ಷರ ೞ. ಬದುಕುವುದು ‘ಬಾೞ್’, ಕತ್ತಿ ‘ಬಾಳ್’. ಈಗ ಎರಡೂ ‘ಬಾಳು’, ಅದರಲ್ಲಿ ಕತ್ತಿಯ ಬಾಳು ಹಳೆ ಕಾವ್ಯದಲ್ಲಿ ಮಾತ್ರ ಉಳಿದಿದೆ. ತಮಿಳು, ಮಲಯಾಳಂನಲ್ಲಿ ಈ ಎರಡೂ ಅಕ್ಷರಗಳು ಇಂದಿಗೂ ಇವೆ. ಹಾಗಾಗಿ ತಮಿಳು ಬಲ್ಲ ಗೆಳೆಯರಿಗೆ ಬಾಳಿನ ಈ ಗೊಂದಲ ಇಲ್ಲ. ನಮ್ಮಲ್ಲಿ ೞ ಮೊದಲು ಮಾಯವಾಯಿತು, ಱ ಇನ್ನಷ್ಟು ಕಾಲ ಬರಹದಲ್ಲಿ ಉಳಿದುಕೊಂಡಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಪಟ್ಟಿ ಕೊಡಬೇಕಾಗಿ ಬಂತು ಅಂದಮೇಲೆ ಜನ ಆಗಲೇ ಕಲಸಿಕೊಳ್ಳುತ್ತಿದ್ದರು ಅಂತಲೇ ಲೆಕ್ಕ.

ಅದೇ ಕೇಶಿರಾಜ ಇನ್ನೊಂದು ‘ಳ’ವನ್ನೂ ಬೇರೆ ಮಾಡಿ ಹೇಳುತ್ತಾನೆ. ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆಗಿರುವುದು, ಕ್ಷಳ ಅಂತ ಅದಕ್ಕೆ ಹೆಸರು. ಮುಖದ ‘ಕಳೆ’ ಬಂದದ್ದು ‘ಕಲಾ’ದಿಂದ. ಹೊಲದ ಕಳೆ ನಮ್ಮದೇ. ಎರಡೂ ಸೇರಿ ಈಗ ಒಂದೇ ಪದದ ಥರ ಕಾಣುತ್ತವೆ. ಮುಖದಲ್ಲಿ ಕಳೆ ಇರಬೇಕು, ಹೊಲದಲ್ಲಿ ಇರಬಾರದು. ಇವುಗಳ ಜೊತೆ ಕಾಲ ಕಳೆಯುವುದು, ಲೆಕ್ಕದಲ್ಲಿ ಕಳೆಯುವುದು ಬೇರೆ.

ಅಕ್ಷರ ಹೋದದ್ದು ಒಂದು ಕಾರಣ. ಸದ್ದು ಬದಲಾದದ್ದು ಇನ್ನೊಂದು. ಹಳಗನ್ನಡದ ಪಕಾರ ಬಹಳ ಕಡೆ ಹಕಾರ ಆಯಿತು. ನೀರು ‘ಪರಿ’ಯುತ್ತಿದ್ದದ್ದು ಹರಿಯತೊಡಗಿತು, ಹೋಗಿ ಸಂಸ್ಕೃತದ ಹರಿಗೆ, ಅಂದರೆ ವಿಷ್ಣುವಿಗೆ, ಡಿಕ್ಕಿ ಹೊಡೆಯಿತು. ಜೊತೆಗೆ ವ್ಯಂಜನದಲ್ಲಿ ಮುಗಿಯುತ್ತಿದ್ದ ಬಹುಪಾಲು ಪದಗಳಿಗೆ ಕೊನೆಯಲ್ಲಿ ಒಂದು ‘ಉ’ ಬಂತು. ಊರ್ ಊರು ಆಯಿತು. ಸಂಸ್ಕೃತದಲ್ಲಿ ಊರು ಅಂದರೆ ತೊಡೆ. ದುರ್ಯೋಧನನ ಊರುಭಂಗದ ಕಥೆಯನ್ನು ಯಾವುದೋ ಹಳ್ಳಿ ಹಾಳಾದ ಕಥೆ ಅಂದುಕೊಂಡ ಮಕ್ಕಳು ಇದ್ದೇ ಇರುತ್ತಾರೆ.

ಮಜಾ ಅಂದರೆ ಇದು ಇನ್ನೂ ನಿಂತಿಲ್ಲ. ಇಂಗ್ಲಿಷ್ ಪದಗಳಿಗೂ ನಾವು ಅದೇ ‘ಉ’ ಹಚ್ಚುತ್ತೇವೆ. ಬಿಲ್ ಅನ್ನುವ ಹಳಗನ್ನಡ ಪದ ಬಿಲ್ಲು ಆಗಿ ರಾಮನ ಕೈ ಸೇರಿತು. ಹೋಟೆಲಿನ ಬಿಲ್ ಕೂಡ ಬಿಲ್ಲು ಆಗಿ ನಮ್ಮ ಕೈ ಸೇರಿತು. ಕಾರು ಓಡುತ್ತದೆ, ಹಾವು ವಿಷ ಕಾರುತ್ತದೆ. ಒಂದು ಕಪ್ಪು ಕಾಫಿ ಅಂದರೆ ಹಾಲು ಹಾಕಿದ್ದೋ ಹಾಕದ್ದೋ? ಇನ್ನು ಪಾಲ್ ಹಾಲ್ ಆಗಿ ಹಾಲು ಆಗಲು ಶತಮಾನಗಳು ಹಿಡಿದವು. ಮನೆಯ ಮುಂದಿನ ಕೋಣೆ ಹಾಲು ಆಗೋಕೆ ಅಷ್ಟೆಲ್ಲ ಹೊತ್ತು ಬೇಕಾಗಲಿಲ್ಲ. ಈಗ ಹಾಲಲ್ಲಿ ಹಾಲು ಚೆಲ್ಲಿದರೆ ಯಾರಿಗೂ ಗೊಂದಲ ಆಗುವುದಿಲ್ಲ. ಒರೆಸೋದು ಯಾರು ಅನ್ನುವುದೊಂದೇ ಪ್ರಶ್ನೆ. ಸಂದರ್ಭವೇ ಅರ್ಥವನ್ನು ಆರಿಸಿಕೊಡುತ್ತದೆ, 99 ಸಲ ನಮಗೆ ಗೊತ್ತೂ ಆಗುವುದಿಲ್ಲ. ಈ ಆಟದಲ್ಲಿ ಸಂದರ್ಭವನ್ನು ಬೇಕಂತಲೇ ಕಿತ್ತುಹಾಕಿರುತ್ತೇವೆ. ಅದಕ್ಕೇ ದಿನಾ ಆಡುವ ಪದವೇ ಒಗಟಾಗಿ ನಿಲ್ಲುವುದು.

ಜಗಳ ಬಿಡಿಸೋಕೆ ಒಬ್ಬರು ಫೋನಿನಲ್ಲಿ ನಿಘಂಟು ತೆರೆದು ಕೂತಿರಲಿ. ‘ಅಲರ್’ ಅನ್ನುವ ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ, ಪುಕ್ಕಟೆ ಸಿಗುತ್ತದೆ. ಪದದ ಹಳೆ ರೂಪ ಬೇಕು ಅನ್ನುವವರು ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟೆಲ್ ನಿಘಂಟು ನೋಡಬಹುದು. ಆದರೆ ಅದನ್ನು ತೆರೆದವರು ಆಟಕ್ಕೆ ವಾಪಸ್ ಬರುವ ಭರವಸೆ ಇಲ್ಲ.

ಚೀಟಿ ಬರೆಯುವವರಿಗೆ ಒಂದು ಮಾತು. ಮೇಜು, ಪೆನ್ನು, ಇಡ್ಲಿ ಥರದವು ಬೇಡ, ಅವಕ್ಕೆ ವಿರುದ್ಧ ಅಂತ ಇಲ್ಲ. ಗುಣ, ಕ್ರಿಯೆ, ಜಾಗ, ಹೊತ್ತು ಹೇಳುವ ಪದಗಳು ಒಳ್ಳೆಯವು. ಸಂಖ್ಯೆಗಳಿಗೂ ವಿರುದ್ಧ ಇಲ್ಲ ಅಂತ ಅನ್ನಿಸಬಹುದು. ಆದರೆ ಎರಡು ಅರ್ಥದ ಪದಗಳಲ್ಲಿ ಯಾವ ಅರ್ಥದಿಂದಲಾದರೂ ಸುಳಿವು ಕೊಡಬಹುದು ಅಂತ ನಿಯಮ ಇಟ್ಟುಕೊಳ್ಳಿ, ಆಗ ನೋಡಿ. ‘ಆರು’ ಬಂದರೆ ವಿರುದ್ಧ ‘ಉರಿ’, ದೀಪದ ಲೆಕ್ಕದಲ್ಲಿ. ‘ಏಳು’ ಬಂದರೆ ‘ಮಲಗು’. ‘ಹತ್ತು’ ಬಂದರೆ ‘ಇಳಿ’. ‘ಎಂಟು’ ಬಂದರೆ ಮಾತ್ರ ಚೀಟಿಯನ್ನು ವಾಪಸ್ ಡಬ್ಬಿಗೆ ಹಾಕಿ ಇನ್ನೊಂದು ಎತ್ತಿ.